ಚೆಸ್ ಎಂಜಿನ್‌ಗೂ ಇಂಟರ್‌ಫೇಸ್‌ಗೂ ನಡುವೆ: ಆಟದ ಸ್ಥಿತಿ ಯಾರ ಬಳಿ ಇರಬೇಕು?

ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಾವು, ಪ್ರಾಜೆಕ್ಟಿಗೆಂದು ಬರೆದ ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕಹಾಕುವ ಪ್ರೋಗ್ರಾಂ) ಆಟದ ಸ್ಥಿತಿಯನ್ನು ತಾನೇ ನೆನಪಿಟ್ಟುಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ, ಅದು ಹಲಗೆಯನ್ನು ತೋರಿಸಿ ಆಟಗಾರನ ನಡೆಗಳನ್ನು ಪಡೆಯುವ ಇಂಟರ್‌ಫೇಸ್‌ನ ಹೊಣೆಯಾಗಿರಲಿ.

2000ರಲ್ಲಿ ರುಡಾಲ್ಫ್ ಹ್ಯೂಬರ್ ಮತ್ತು ಸ್ಟೆಫಾನ್ ಮೈಯರ್-ಕಾಲೆನ್ ರೂಪಿಸಿದ ಯುಸಿಐ (ಯೂನಿವರ್ಸಲ್ ಚೆಸ್ ಇಂಟರ್‌ಫೇಸ್) ಪ್ರೋಟೊಕಾಲ್‌ನಲ್ಲಿ, ಅಂದರೆ ಎಂಜಿನ್ ಮತ್ತು ಇಂಟರ್‌ಫೇಸ್ ಸಂವಹಿಸುವ ನಿಯಮಗಳಲ್ಲಿ, ‘ಪೊಸಿಷನ್ ಸ್ಟಾರ್ಟ್‌ಪೋಸ್ ಮೂವ್ಸ್ ಇ2ಇ4 ಇ7ಇ5’ ಎಂಬಂತೆ ಆರಂಭದಿಂದ ಆದ ನಡೆಗಳನ್ನೆಲ್ಲ ಇಂಟರ್‌ಫೇಸ್ ಪ್ರತಿ ಸಲವೂ ಕಳಿಸುವುದರಿಂದ, ಆಟಗಾರ ನಡೆಯನ್ನು ಹಿಂತೆಗೆದುಕೊಂಡರೂ, ಎಂಜಿನ್ ನಡುವೆ ನಿಂತು ಮತ್ತೆ ಶುರುವಾದರೂ ಎರಡೂ ಕಡೆಯ ಲೆಕ್ಕ ತಾಳೆಯಾಗುತ್ತದೆ. ಈಗಿನ ಸ್ಥಿತಿಯೊಂದನ್ನೇ ಕಳಿಸಿದರೆ ಸಾಲದು, ಏಕೆಂದರೆ ಒಂದೇ ಸ್ಥಿತಿ ಮೂರು ಸಲ ಬಂದುದನ್ನು ಗುರುತಿಸಲು ಹಿಂದಿನ ನಡೆಗಳು ಬೇಕು.

ನಿಜವಾದ ತೊಡಕಿರುವುದು ಹುಡುಕಾಟ ನಿಲ್ಲಿಸಲು ಇಂಟರ್‌ಫೇಸ್ ಕಳಿಸುವ ‘ಸ್ಟಾಪ್’ ಆಜ್ಞೆಯಲ್ಲಿ. ಎಂಜಿನ್ ಯೋಚಿಸುತ್ತಿರುವಾಗಲೂ ಇನ್‌ಪುಟ್ ಓದುತ್ತಿರಬೇಕಾದ್ದರಿಂದ ಅದಕ್ಕೊಂದು ಪ್ರತ್ಯೇಕ ಥ್ರೆಡ್ (ಪ್ರೋಗ್ರಾಮಿನೊಳಗೆ ಜೊತೆಜೊತೆಗೇ ನಡೆಯುವ ಕೆಲಸದ ಎಳೆ) ಇಡುವುದು ಲೇಸು. ನಿಲ್ಲಿಸಿದ ಮೇಲೂ ಎಂಜಿನ್ ತಾನು ಕಂಡ ಅತ್ಯುತ್ತಮ ನಡೆಯನ್ನು ‘ಬೆಸ್ಟ್‌ಮೂವ್’ ಎಂದು ಉತ್ತರಿಸಲೇಬೇಕು. ಆ ಉತ್ತರಕ್ಕೆ ಕಾಯದೆ ಇಂಟರ್‌ಫೇಸ್ ಹೊಸ ಹುಡುಕಾಟ ಆರಂಭಿಸಿದರೆ, ಹಳೆಯ ಸ್ಥಿತಿಯ ನಡೆಯನ್ನೇ ಹೊಸದರ ಉತ್ತರವೆಂದು ಭಾವಿಸುವ ಅಪಾಯವಿದೆ. ಪ್ರತಿ ಸಾಲಿನ ನಂತರ ಔಟ್‌ಪುಟ್ ಫ್ಲಶ್ ಮಾಡಿರಿ, ಅಂದರೆ ಕೂಡಲೇ ಹೊರಗೆ ಕಳಿಸಿರಿ. ಇಲ್ಲವಾದರೆ ಉತ್ತರ ಬಫರಿನಲ್ಲೇ (ತಾತ್ಕಾಲಿಕ ಸಂಗ್ರಹದಲ್ಲೇ) ಉಳಿಯುತ್ತದೆ.

ಸ್ವಂತ ಪ್ರೋಟೊಕಾಲ್ ಕಲಿಕೆಗೆ ಒಳ್ಳೆಯದೇ, ಆದರೆ ತಮ್ಮ ಎಂಜಿನನ್ನು ಸಿದ್ಧ ಇಂಟರ್‌ಫೇಸ್‌ಗಳಲ್ಲಿ ಸ್ಟಾಕ್‌ಫಿಶ್ ಎಂಬ ಪ್ರಸಿದ್ಧ ಎಂಜಿನ್ ವಿರುದ್ಧ ಆಡಿಸುವ ಉದ್ದೇಶವಿದ್ದರೆ ನೇರವಾಗಿ ಯುಸಿಐಯನ್ನೇ ಅಳವಡಿಸಿಕೊಳ್ಳಿರಿ.