ಅಂಚೆ ಡಬ್ಬಿಯ ಮೇಲೆ ಹೆಸರು ಅಂಟಿಸಿದಿರಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜರ್ಮನಿಗೆ ಹೊರಟವರದು, ಇಲ್ಲವೇ ಮಕ್ಕಳನ್ನು ಅಲ್ಲಿಗೆ ಕಳಿಸಿ ಇಲ್ಲಿ ಫೋನ್ ಹಿಡಿದು ಕೂತವರದು. ಹಾಗಾಗಿ ಇಡೀ ಪುಟವನ್ನು ಅದೊಂದೇ ದೇಶಕ್ಕೆ ಬಿಟ್ಟಿದ್ದೇವೆ. ಕಾಲೇಜು ಸೀಟು, ಬ್ಯಾಂಕ್ ಸಾಲದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ಅಲ್ಲಿ ಕಾಲಿಟ್ಟ ಮೇಲಿನ ದಿನನಿತ್ಯದ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರ: ಎಂ.ಎಸ್ಸಿ. ಓದಲು ಅಕ್ಟೋಬರ್‌ಗೆ ಹೊರಟಿದ್ದೇನೆ. ಇಳಿದ ಮೇಲೆ ಬ್ಯಾಂಕ್ ಖಾತೆ ಮೊದಲೋ, ವಿಳಾಸ ನೋಂದಣಿ ಮೊದಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ವಿದ್ಯಾರ್ಥಿನಿ, ಚಿಕ್ಕಮಗಳೂರು

ಉ: ಎರಡಕ್ಕೂ ಮೊದಲು ಮನೆ ಮಾಲೀಕರ ಸಹಿ, ಆಮೇಲೆ ನೋಂದಣಿ, ಅದಾದ ಮೇಲೆ ಖಾತೆ. ಜರ್ಮನಿಯಲ್ಲಿ ಒಂದು ಕಾಗದ ಇನ್ನೊಂದನ್ನು ಹೆರುತ್ತದೆ, ಮೊದಲನೆಯದು ಸಿಗದಿದ್ದರೆ ಮುಂದಿನದು ಯಾವುದೂ ಅಲುಗಾಡುವುದಿಲ್ಲ.

ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು ಎಂಬುದು ಕಾನೂನು. ಇದಕ್ಕೆ 'ಆನ್‌ಮೆಲ್ಡುಂಗ್' ಎನ್ನುತ್ತಾರೆ. ಬಾಡಿಗೆ ಕರಾರುಪತ್ರ ಕೈಯಲ್ಲಿದ್ದರೆ ಸಾಕು ಎಂದುಕೊಂಡು ಹೋದವರು ವಾಪಸ್ ಬರುತ್ತಾರೆ. 'ಇಂಥವರು ಇಂಥ ದಿನ ನನ್ನ ಮನೆಗೆ ಬಂದು ಸೇರಿದ್ದಾರೆ' ಎಂದು ಮಾಲೀಕರು ಸಹಿ ಹಾಕಿದ ಒಂದು ಪುಟದ ಪ್ರತ್ಯೇಕ ನಮೂನೆ ಬೇಕು. ಅದರ ಹೆಸರು 'ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್'. ನಾಲಿಗೆ ಹೊರಳದಿದ್ದರೆ ಬರೆದು ತೋರಿಸಿ. ಬಾಡಿಗೆ ಮಾತಾಡುವಾಗಲೇ 'ಈ ನಮೂನೆ ಕೊಡುತ್ತೀರಾ' ಎಂದು ಕೇಳಿ. 'ಮನೆ ಕೊಡುತ್ತೇನೆ, ನೋಂದಣಿ ಮಾತ್ರ ಬೇಡ' ಎನ್ನುವವರ ಮನೆ ಎಷ್ಟೇ ಅಗ್ಗವಾದರೂ ಬೇಡ.

ದೊಡ್ಡ ಊರುಗಳಲ್ಲಿ ಕಚೇರಿಯ ಸಮಯ ಆನ್‌ಲೈನಿನಲ್ಲಿ ಕಾದಿರಿಸಬೇಕು, ಎರಡು ವಾರದೊಳಗೆ ಸಿಗದಿರುವುದೂ ಉಂಟು. ಸಿಕ್ಕ ಅತಿ ಬೇಗನೆಯ ದಿನ ಹಿಡಿದು, ಅದರ ಪ್ರತಿ ಇಟ್ಟುಕೊಳ್ಳಿ. ಯಾರೋ ರದ್ದು ಮಾಡಿದ ಜಾಗ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಖಾಲಿ ಕಾಣಿಸುತ್ತದೆ, ಆಗ ಇಣುಕಿ. ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಎಂದು ಬರೆದರೆ, ಮುಂದೆ ಸಂಬಳ ಬಂದಾಗ ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಕಡಿತವಾಗುತ್ತದೆ. ಬರೆಯಿರಿ, ಬಿಡಿ, ಅದು ನಿಮ್ಮಿಷ್ಟ. ತಿಳಿದು ಬರೆಯಿರಿ ಅಷ್ಟೆ.

ಈಗ ಎಲ್ಲಕ್ಕಿಂತ ಸಣ್ಣ ಕೆಲಸ, ಎಲ್ಲರೂ ಮರೆಯುವ ಕೆಲಸ. ಕೀಲಿ ಕೈಗೆ ಬಂದ ದಿನವೇ ಕಟ್ಟಡದ ಬಾಗಿಲಲ್ಲಿರುವ ನಿಮ್ಮ ಅಂಚೆ ಡಬ್ಬಿಯ ಮೇಲೆ, ಕರೆಗಂಟೆಯ ಪಕ್ಕದಲ್ಲೂ, ನಿಮ್ಮ ಹೆಸರು ಅಂಟಿಸಿ. ಅಲ್ಲಿ ಫ್ಲಾಟ್ ನಂಬರ್ ಬರೆಯುವ ರೂಢಿ ಕಡಿಮೆ. ಅಂಚೆಯವರು ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಗೇ ವಾಪಸ್. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, 11 ಅಂಕಿಯ ತೆರಿಗೆ ಸಂಖ್ಯೆ ಮತ್ತೊಂದರಲ್ಲಿ, ಆರೋಗ್ಯ ವಿಮೆಯ ಕಾರ್ಡ್ ಮಗದೊಂದರಲ್ಲಿ, ಎಲ್ಲವೂ ಅಂಚೆಯಲ್ಲೇ ಬರುತ್ತವೆ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ನಮ್ಮ ಕಡೆಯ ಇನಿಶಿಯಲ್‌ಗಳು ಅಲ್ಲಿ ಗೊಂದಲ ಹುಟ್ಟಿಸುತ್ತವೆ: ಬ್ಯಾಂಕಿನಲ್ಲಿ 'ಎಚ್.ಕೆ.', ನೋಂದಣಿಯಲ್ಲಿ ಅದರ ಪೂರ್ಣರೂಪ, ಡಬ್ಬಿಯ ಮೇಲೆ ಬರೀ ಕರೆಯುವ ಹೆಸರು ಎಂದಾದರೆ ಮೂರು ಜನ ಆದಿರಿ. ಬೇರೆಯವರ ಮನೆಯ ಒಂದು ಕೋಣೆಯಲ್ಲಿದ್ದು ಡಬ್ಬಿಯ ಮೇಲೆ ಜಾಗ ಸಿಗದಿದ್ದರೆ, ವಿಳಾಸದಲ್ಲಿ ನಿಮ್ಮ ಹೆಸರಿನ ಕೆಳಗೆ 'ಕೇರ್ ಆಫ್' ಎಂದು ಅವರ ಹೆಸರು ಸೇರಿಸಿ.

ವಿದ್ಯಾರ್ಥಿಗಳು ಮುಂಚೆಯೇ ಕಟ್ಟಿಟ್ಟ ತಡೆಖಾತೆಯ (ಬ್ಲಾಕ್ಡ್ ಅಕೌಂಟ್) ಹಣ, ಅಂದರೆ ವರ್ಷಕ್ಕೆ 11,904 ಯೂರೊ, ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ. ಅದು ಬಂದು ಬೀಳಲು ನಿಮ್ಮದೊಂದು ಚಾಲ್ತಿ ಖಾತೆ ಬೇಕು. ಆದ್ದರಿಂದ ಮೊದಲ ತಿಂಗಳ ಖರ್ಚು, ಮನೆಯ ಠೇವಣಿ ಬೇರೆಯಾಗಿ ಒಯ್ಯಿರಿ. ಠೇವಣಿ ಮೂರು ತಿಂಗಳ 'ತಣ್ಣನೆ ಬಾಡಿಗೆ'ಗಿಂತ (ಹೀಟರ್, ನೀರು ಮುಂತಾದವು ಸೇರದ ಬರಿ ಬಾಡಿಗೆ) ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಮನೆ ನೋಡದೆ ಹಣ ಕಳಿಸಬೇಡಿ.

ನೋಂದಣಿಯಾದ ಕೆಲ ವಾರಕ್ಕೆ ರೇಡಿಯೊ-ಟಿವಿ ಶುಲ್ಕದ ಕಾಗದ ಬರುತ್ತದೆ, ತಿಂಗಳಿಗೆ 18.36 ಯೂರೊ. ಟಿವಿ ಇಲ್ಲವೆಂದು ಕಸದ ಬುಟ್ಟಿಗೆ ಹಾಕಬೇಡಿ, ದಂಡ ಸೇರಿಕೊಂಡು ಮತ್ತೆ ಬರುತ್ತದೆ. ಆದರೆ ಶುಲ್ಕ ಮನೆಗೊಂದೇ. ಜತೆಯವರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ ಬರೆದು ಉತ್ತರಿಸಿ, ಆಮೇಲೆ ನಿಮ್ಮ ನಿಮ್ಮಲ್ಲಿ ಹಂಚಿಕೊಳ್ಳಿ.

ಪ್ರ: ಮಗಳಿಗೆ ಜೂನ್ ಮಧ್ಯದಲ್ಲಿ ಹೆರಿಗೆ. ಬಾಣಂತನಕ್ಕೆ ಮೂರು ತಿಂಗಳು ಹೋಗಬೇಕೆಂದಿದ್ದೇನೆ. ಮನೆಯ ತುಪ್ಪ, ಕರಿಬೇವು, ಸಾಂಬ್ರಾಣಿ ಒಯ್ಯಬಹುದೇ?
— ಗೃಹಿಣಿ, ಸಕಲೇಶಪುರ

ಉ: ಮೊದಲು ದಿನದ ಲೆಕ್ಕ ಸರಿಮಾಡಿಕೊಳ್ಳೋಣ ತಾಯಿ. ವೀಸಾ ಕೊಡುವುದು ಮೂರು ತಿಂಗಳಿಗಲ್ಲ, 90 ದಿನಕ್ಕೆ. ಇಳಿದ ದಿನ, ಹೊರಡುವ ದಿನ ಎರಡೂ ಎಣಿಕೆಗೆ ಸೇರುತ್ತವೆ. ಜೂನ್ 1ಕ್ಕೆ ಇಳಿದರೆ ಆಗಸ್ಟ್ 29ಕ್ಕೆ ಹೊರಡಲೇಬೇಕು. ಆಗಸ್ಟ್ 31ರ ಟಿಕೆಟ್ ತೆಗೆದರೆ 92 ದಿನವಾಗಿ, ಮುಂದಿನ ಸಲದ ವೀಸಾಕ್ಕೆ ಕಲ್ಲು ಬಿತ್ತು. ಹೆರಿಗೆ ಹಿಂದೆ ಮುಂದೆ ಆದರೂ ಈ ಲೆಕ್ಕ ಬದಲಾಗುವುದಿಲ್ಲ. ಹೇಳಿದ ದಿನಕ್ಕೆ ಹತ್ತು-ಹದಿನೈದು ದಿನ ಮುಂಚೆ ಇಳಿಯುವುದು ಮೇಲು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬಿಪಿ, ಸಕ್ಕರೆ ಕಾಯಿಲೆಯಂಥ ಹಳೆಯ ತೊಂದರೆಗಳನ್ನು ಅದು ಎಷ್ಟು ಭರಿಸುತ್ತದೆ ಎಂದು ಪಾಲಿಸಿಯಲ್ಲಿ ಓದಿಸಿಕೊಳ್ಳಿ. ನಿಮ್ಮ ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು, ಅಂಗಡಿಯ ಸ್ಟ್ರಿಪ್‌ನಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಇಟ್ಟುಕೊಳ್ಳಿ.

ತುಪ್ಪ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಪ್ರಯಾಣಿಕರು ಯುರೋಪ್ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಪೇಡ, ಖೋವಾ ಕೂಡ ಅದೇ ಸಾಲಿಗೆ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಾಗಾಗಿ ಅವೂ ಬೇಡ. ತೆಂಗಿನಕಾಯಿಗಾದರೆ ಆ ಪತ್ರ ಬೇಡ. ಮೆಂತ್ಯ, ಓಮ, ಒಣಶುಂಠಿ, ಕಾಳುಮೆಣಸು, ರಾಗಿಹಿಟ್ಟು ಒಯ್ಯಲು ಅಡ್ಡಿಯಿಲ್ಲ. ಆದರೆ ಬಿಳಿ ಕವರಿಗೆ ಗಂಟು ಹಾಕಿ ಒಯ್ಯಬೇಡಿ, ಹೆಸರು ಬರೆದ ಸೀಲು ಪ್ಯಾಕ್ ಇರಲಿ.

ತುಪ್ಪದ ಚಿಂತೆ ಬಿಡಿ, ಅಲ್ಲೇ ಕಾಯಿಸಬಹುದು. ಅಂಗಡಿಗಳಲ್ಲಿ ಬೆಣ್ಣೆ 250 ಗ್ರಾಂ ಕಟ್ಟಿನಲ್ಲಿ ಸಿಗುತ್ತದೆ, ಶೇ. 82 ಕೊಬ್ಬು. ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ. 'ಝುಸ್‌ರಾಮ್' ಎಂದಿರುವುದು ಸಿಹಿ ಕೆನೆಯ ಬೆಣ್ಣೆ, 'ಝಾವರ್‌ರಾಮ್' ಎಂದಿರುವುದು ಹುಳಿ ಬರಿಸಿದ ಕೆನೆಯದು. ಎರಡನೆಯದನ್ನು ಕೊಳ್ಳಿ, ಮೊಸರು ಕಡೆದು ತೆಗೆದ ಬೆಣ್ಣೆಯ ಘಮ ಅದರಲ್ಲಿದೆ. ಉಪ್ಪು ಹಾಕಿದ ಬೆಣ್ಣೆ ಬೇಡ.

ಸಾಂಬ್ರಾಣಿ ಇಲ್ಲೇ ಇರಲಿ. ಮಲಗುವ ಕೋಣೆಯ ಚಾವಣಿಯಲ್ಲಿ ಹೊಗೆ ಪತ್ತೆ ಮಾಡುವ ಬಿಲ್ಲೆ ಇರುತ್ತದೆ, ಸ್ವಲ್ಪ ಹೊಗೆ ಎದ್ದರೂ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ. ಕೂಸಿಗೂ ಹೊಗೆ ಒಳ್ಳೆಯದಲ್ಲ.

ಸ್ನಾನದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅಲ್ಲಿನ ಹೆಚ್ಚಿನ ಬಚ್ಚಲುಗಳಲ್ಲಿ ನೆಲಕ್ಕೆ ನೀರು ಹೋಗುವ ಕಂಡಿಯೇ ಇಲ್ಲ. ಟಬ್ಬಿನೊಳಗೆ, ಷವರ್ ತಟ್ಟೆಯೊಳಗೆ ಮಾತ್ರ ಕಂಡಿ. ಮಣೆ ಹಾಕಿ ಕೂರಿಸಿ ಚೊಂಬಿನಲ್ಲಿ ಹುಯ್ದರೆ ನೀರು ಕೆಳಗಿನ ಮನೆಯವರ ಚಾವಣಿಯಲ್ಲಿ ಜಿನುಗುತ್ತದೆ, ರಿಪೇರಿಯ ಬಿಲ್ಲು ಮಗಳ ಮನೆಗೆ ಬರುತ್ತದೆ. ಇಂಥ ಹಾನಿಗೆಂದೇ 'ಹಾಫ್ಟ್‌ಫ್ಲಿಷ್ಟ್' ಎಂಬ ವಿಮೆ ಇದೆ. ಮಗಳು ಅಳಿಯ ಮಾಡಿಸಿದ್ದಾರಾ, ಮನೆಗೆ ಬಂದ ನೆಂಟರೂ ಅದರಲ್ಲಿ ಸೇರುತ್ತಾರಾ ಎಂದು ಕೇಳಿ. ಟಬ್ಬಿನೊಳಗೇ ಪ್ಲಾಸ್ಟಿಕ್ ಮಣೆಯಿಟ್ಟು ಹುಯ್ಯಿರಿ. ಎಣ್ಣೆ ಕಾಲಿಗೆ ಟಬ್ಬು ಜಾರುತ್ತದೆ, ತಳಕ್ಕೆ ರಬ್ಬರ್ ಹಾಸು ಹಾಕಿ.

ಹೆರಿಗೆಯಾದ ಮೇಲೆ 'ಹೆಬಾಮೆ', ಅಂದರೆ ತರಬೇತಾದ ಸೂಲಗಿತ್ತಿ, ವಿಮೆಯ ಖರ್ಚಿನಲ್ಲೇ ಮನೆಗೆ ಬಂದು ಹೊಕ್ಕುಳು, ಹಾಲೂಡಿಕೆ, ತೂಕ ಎಲ್ಲ ನೋಡುತ್ತಾರೆ. ಮೊದಲ ಹತ್ತು ದಿನ ದಿನವೂ ಬರಬಹುದು. ಇವರನ್ನು ಬಸುರಿನ ಮೊದಲ ತಿಂಗಳುಗಳಲ್ಲೇ ಗೊತ್ತುಮಾಡಬೇಕು, ಕೊನೆಗೆ ಹುಡುಕಿದರೆ ಸಿಗುವುದು ಕಷ್ಟ. ಅವರು ಹೇಳುವುದಕ್ಕೂ ನಿಮ್ಮ ಪಥ್ಯಕ್ಕೂ ಅಲ್ಲಲ್ಲಿ ತಾಳೆಯಾಗದು. ಕೂಸಿನ ಮಟ್ಟಿಗೆ ಅವರ ಮಾತು ನಡೆಯಲಿ.

ಪ್ರ: ಮಗನಿಗೆ ನಮ್ಮ ತೋಟದ ಕಾಫಿಪುಡಿ ಎರಡು ಕೆ.ಜಿ. ಪಾರ್ಸೆಲ್ ಮಾಡಿದರೆ ತೊಂದರೆ ಇದೆಯೇ?
— ಬೆಳೆಗಾರರು, ಮೂಡಿಗೆರೆ

ಉ: ಇದೆ. ಹುರಿದ ಕಾಫಿಗೆ ಜರ್ಮನಿಯಲ್ಲಿ ಪ್ರತ್ಯೇಕ ಕಾಫಿ ತೆರಿಗೆಯೇ ಉಂಟು, ಕೆ.ಜಿ.ಗೆ 2.19 ಯೂರೊ. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆ ಪಾರ್ಸೆಲ್ ಒಟ್ಟು 45 ಯೂರೊ ಮೌಲ್ಯದವರೆಗೆ ಸುಂಕವಿಲ್ಲದೆ ಹೋಗುತ್ತದೆ, ಆದರೆ ಅದರೊಳಗೆ ಕಾಫಿ 500 ಗ್ರಾಂ ದಾಟಬಾರದು. ಎರಡು ಕೆ.ಜಿ. ಕಂಡರೆ ಮಗ ಕಸ್ಟಮ್ಸ್ ಕಚೇರಿಗೆ ಅಲೆಯಬೇಕಾದೀತು. ಅರ್ಧ ಕೆ.ಜಿ.ಯಂತೆ ಅಪರೂಪಕ್ಕೊಮ್ಮೆ ಕಳಿಸಿ. ಕಸ್ಟಮ್ಸ್ ಚೀಟಿಯಲ್ಲಿ 'ಹುರಿದ ಕಾಫಿಪುಡಿ, 500 ಗ್ರಾಂ, ಉಡುಗೊರೆ' ಎಂದು ಮೌಲ್ಯದೊಂದಿಗೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಿರಿ. 'ಪುಡಿ' ಎಂದಷ್ಟೇ ಬರೆದರೆ ಬಿಚ್ಚಿಯೇ ನೋಡುತ್ತಾರೆ. ಊರಿಗೆ ಬಂದವರ ಕೈಯಲ್ಲಿ ಕಳಿಸುವುದಾದರೆ, ವಿಮಾನದಲ್ಲಿ ಬರುವ ದೊಡ್ಡವರಿಗೆ 'ಇತರ ಸಾಮಾನಿನ' (ಕಾಫಿಯೂ ಅದರಲ್ಲೇ ಸೇರುತ್ತದೆ) ಮಿತಿ ತಲೆಗೆ 430 ಯೂರೊ.

ಅಲ್ಲಿ ಡಿಕಾಕ್ಷನ್ ಸಪ್ಪೆ ಎನಿಸಿದರೆ ಪುಡಿಯನ್ನು ಬೈಯಬೇಡಿ. ಹಲವು ಊರುಗಳ ನಲ್ಲಿ ನೀರು ಗಡಸು, ಕೆಟಲ್ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದೇ ಸಾಕ್ಷಿ. ನೀರು ಸೋಸುವ ಜಗ್ ಬಳಸಿ ನೋಡಲಿ. ಹಾಲು ತರುವಾಗ ಕಪಾಟಿನಲ್ಲಿ ಹೊರಗಿಟ್ಟ 'ಹಾ-ಮಿಲ್ಷ್' ಬಿಟ್ಟು, ಫ್ರಿಜ್ಜಿನಲ್ಲಿರುವ ಶೇ. 3.5 ಕೊಬ್ಬಿನ 'ಫ್ರಿಷೆ ಫೋಲ್‌ಮಿಲ್ಷ್' ತರಲಿ. ಮೊದಲನೆಯದಕ್ಕೆ ಕುದಿದ ವಾಸನೆ ಇರುತ್ತದೆ.

ಪ್ರ: ತಮ್ಮನ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆಯಂತೆ. ಕಿಟಕಿ ತೆರೆಯಿರಿ ಎಂದು ಮಾಲೀಕರು ಗದರುತ್ತಾರಂತೆ. ಹೊರಗೆ ಮಳೆ, ಚಳಿ. ತೆರೆದರೆ ತೇವ ಒಳಗೆ ಬರುವುದಿಲ್ಲವೇ?
— ಶಿಕ್ಷಕಿ, ಬೇಲೂರು

ಉ: ಮಲೆನಾಡಿನ ಬುದ್ಧಿ ಅಲ್ಲಿ ತಲೆಕೆಳಗಾಗುವುದು ಇಲ್ಲೇ. ನಮ್ಮಲ್ಲಿ ಜುಲೈ ತಿಂಗಳ ತೇವ ಹೊರಗಿನಿಂದ ಬರುತ್ತದೆ, ಹಾಗಾಗಿ ಕಿಟಕಿ ಮುಚ್ಚುತ್ತೇವೆ. ಅಲ್ಲಿನ ಚಳಿಗಾಲದ ತೇವ ಒಳಗೇ ಹುಟ್ಟುತ್ತದೆ: ಅನ್ನದ ಹಬೆ, ಸ್ನಾನ, ಉಸಿರು, ಎಲ್ಲಕ್ಕಿಂತ ಕೋಣೆಯಲ್ಲಿ ಹರವಿದ ಒದ್ದೆ ಬಟ್ಟೆ. ಸೊನ್ನೆ ಡಿಗ್ರಿಯ ಗಾಳಿ ಎಷ್ಟೇ ಮಳೆಯಿದ್ದರೂ ಒಂದು ಘನ ಮೀಟರಿಗೆ 5 ಗ್ರಾಂನಷ್ಟು ಆವಿ ಹಿಡಿಯಲಾರದು. 20 ಡಿಗ್ರಿಯ ಗಾಳಿ 17 ಗ್ರಾಂ ಹಿಡಿಯುತ್ತದೆ. ಹೊರಗಿನ ಗಾಳಿ ಒಳಬಂದು ಬಿಸಿಯಾದರೆ ಒಣಗಾಳಿಯೇ ಆಗುತ್ತದೆ. ಮಳೆ ಸುರಿಯುತ್ತಿದ್ದರೂ ತೆರೆಯಲಿ.

ಕ್ರಮ ಹೀಗೆ: ಹೀಟರಿನ ತಿರುಗಣೆ ನಕ್ಷತ್ರದ ಗುರುತಿಗೆ ತಂದು, ಕಿಟಕಿಯನ್ನು ಪೂರ್ತಿ ತೆರೆದು 5ರಿಂದ 10 ನಿಮಿಷ ಬಿಟ್ಟು, ಮುಚ್ಚಿ, ಮತ್ತೆ ಹೀಟರ್ 3ಕ್ಕೆ. ದಿನಕ್ಕೆ ಎರಡು-ಮೂರು ಸಲ, ಅಡುಗೆ ಮತ್ತು ಸ್ನಾನದ ನಂತರ ಮತ್ತೊಮ್ಮೆ. ಹೊಸಬರು ಮಾಡುವ ತಪ್ಪು, ಕಿಟಕಿಯನ್ನು ಮೇಲಿಂದ ಓರೆಯಾಗಿ ಬಾಗಿಸಿ ಇಡೀ ದಿನ ಹಾಗೇ ಬಿಡುವುದು. ಗಾಳಿ ಬದಲಾಗುವುದು ನಿಧಾನ, ಕಿಟಕಿಯ ಮೇಲಿನ ಗೋಡೆ ಮಾತ್ರ ತಣ್ಣಗಾಗಿ ಬೂಷ್ಟು ಅಲ್ಲೇ ಮೊದಲು ಕೂರುತ್ತದೆ. ಹೀಟರಿನ 3 ಎಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, 28 ಡಿಗ್ರಿವರೆಗೂ ನಿಲ್ಲದೆ ಉರಿಯುತ್ತದೆ, ಬಿಲ್ಲು ವರ್ಷದ ಕೊನೆಗೆ ಬರುತ್ತದೆ. ಬೀರು, ಮಂಚ ಹೊರಗೋಡೆಯಿಂದ ಒಂದು ಗೇಣು ದೂರವಿರಲಿ.

ಪ್ರ: ಕುಕ್ಕರ್, ಮಿಕ್ಸಿ ಇಲ್ಲಿಂದಲೇ ಒಯ್ಯಬೇಕೆ? ದೋಸೆ ಹಿಟ್ಟು ಉಬ್ಬುತ್ತದೆಯೇ?
— ನರ್ಸ್ ಕೆಲಸಕ್ಕೆ ಹೊರಟವರು, ಹಾಸನ

ಉ: ಕುಕ್ಕರ್ ಒಯ್ಯಿರಿ, ಆದರೆ ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ತಳಕ್ಕೆ ಅಂಟಿದರೆ ಇಂಡಕ್ಷನ್ ಒಲೆಗೂ ಆದೀತು, ಗಾಜಿನ ವಿದ್ಯುತ್ ಒಲೆಗೂ ಆದೀತು. ಎರಡೂ ನೋಡಲು ಒಂದೇ ಥರ ಕಪ್ಪು ಗಾಜು, ಬಾಡಿಗೆ ಮನೆಯಲ್ಲಿ ಯಾವುದಿರುತ್ತದೋ ಗೊತ್ತಾಗದು. ಬರಿ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ. ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಎರಡೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ಮಿಕ್ಸಿಗೆ ಕರೆಂಟ್ ಇಲ್ಲಿನದೇ, 230 ವೋಲ್ಟ್, 50 ಹರ್ಟ್ಸ್. ಪಿನ್ ಮಾತ್ರ ಕೂರುವುದಿಲ್ಲ, ಅರ್ತ್ ಇರುವ ಅಡಾಪ್ಟರ್ ಬೇಕು. ಮನೆ ಹುಡುಕುವಾಗ ಇನ್ನೊಂದು ಕೇಳಿ: ಅಡುಗೆಮನೆಯಲ್ಲಿ ಸಿಂಕ್, ಒಲೆ ಇವೆಯೇ? ಹಿಂದಿನವರು ಕಳಚಿಕೊಂಡು ಹೋಗಿ ಬರಿ ಗೋಡೆ ಬಿಟ್ಟ ಮನೆಗಳೂ ಬಾಡಿಗೆಗೆ ಬರುತ್ತವೆ.

ಹಿಟ್ಟಿಗೆ ಅಲ್ಲಿನ 19-20 ಡಿಗ್ರಿ ಸಾಲದು. ಒಂದು ಚಮಚ ಮೆಂತ್ಯ ಸೇರಿಸಿ ನೆನೆಸಿ, ರುಬ್ಬಿ, ಪಾತ್ರೆಯ ಅರ್ಧಕ್ಕಷ್ಟೇ ತುಂಬಿ, ಓವನ್ನಿನೊಳಗಿಟ್ಟು ದೀಪ ಮಾತ್ರ ಹಾಕಿ. 10ರಿಂದ 14 ಗಂಟೆ. ದೀಪ ಎಲ್‌ಇಡಿ ಆಗಿದ್ದರೆ ಬಿಸಿ ಕೊಡದು, ಪಕ್ಕದಲ್ಲಿ ಕುದಿನೀರಿನ ಪಾತ್ರೆ ಇಟ್ಟು ಆಗಾಗ ಬದಲಿಸಿ. ಓವನ್ನಿನ ಗುಂಡಿಯನ್ನು 50 ಡಿಗ್ರಿಗೆ ತಿರುಗಿಸಿದರೆ ಹಿಟ್ಟಿನ ಅಂಚು ಬೇಯುತ್ತದೆ, ನಡುವೆ ಉಬ್ಬುವುದಿಲ್ಲ. ಅಕ್ಕಿ ರೊಟ್ಟಿಗೆ ಏಷ್ಯನ್ ಅಂಗಡಿಯ ಅಕ್ಕಿಹಿಟ್ಟು ಆಗುತ್ತದೆ. ಅಂಟಕ್ಕಿಯ ಹಿಟ್ಟೂ ಅದೇ ಥರದ ಪೊಟ್ಟಣದಲ್ಲಿ ಪಕ್ಕದಲ್ಲೇ ಇರುತ್ತದೆ. ಅದನ್ನು ತಂದರೆ ರೊಟ್ಟಿಯ ಬದಲು ಗೋಂದು.

ಪ್ರ: ಅಲ್ಲಿ ರೈಲು ನಿಲ್ದಾಣದಲ್ಲಿ ಗೇಟೂ ಇಲ್ಲ, ಟಿಕೆಟ್ ಕೇಳುವವರೂ ಇಲ್ಲವಂತೆ, ನಿಜವೇ?
— ಕಾಲೇಜು ವಿದ್ಯಾರ್ಥಿ, ಅರಸೀಕೆರೆ

ಉ: ಗೇಟಿಲ್ಲ, ಕೇಳುವವರು ಇದ್ದಾರೆ. ಮಾಮೂಲಿ ಬಟ್ಟೆಯಲ್ಲಿ ಪಕ್ಕದಲ್ಲೇ ಕೂತಿರಬಹುದು. ಟಿಕೆಟ್ ಇಲ್ಲದಿದ್ದರೆ ಕನಿಷ್ಠ 60 ಯೂರೊ, 'ಹೊಸಬ' ಎಂದರೆ ರಿಯಾಯಿತಿ ಇಲ್ಲ. ಕೆಲವು ಊರುಗಳ ಕಾಗದದ ಟಿಕೆಟ್ಟಿಗೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಒತ್ತಬೇಕು. ಒತ್ತದ ಟಿಕೆಟ್ ಇದ್ದೂ ಇಲ್ಲದಂತೆ. ತಿಂಗಳ 'ಡಾಯ್ಚ್‌ಲಾಂಡ್ ಟಿಕೆಟ್' ಸ್ಥಳೀಯ ರೈಲು, ಬಸ್ಸು, ಟ್ರಾಮುಗಳಿಗೆ ಸಾಕು, ದೂರದ ವೇಗದ ರೈಲುಗಳಿಗೆ ನಡೆಯದು. ಅದು ತಾನೇ ನವೀಕರಣವಾಗುತ್ತದೆ. ಮುಂದಿನ ತಿಂಗಳು ಬೇಡವೆಂದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ.

ಪ್ರ: ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?
— ಹೊಳೆನರಸೀಪುರದ ಓದುಗರು

ಉ: ವಾಸ ಆರಂಭಿಸಿದ ದಿನದಿಂದ ಆರು ತಿಂಗಳು, ಅನುವಾದ ಜತೆಗಿದ್ದರೆ. ಆಮೇಲೆ ಲಿಖಿತ, ಚಾಲನೆ ಎರಡೂ ಪರೀಕ್ಷೆ ಮತ್ತೆ ಬರೆಯಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲೂ ಇದೆ. ನಮ್ಮವರು ಎಡವುವುದು ಒಂದೇ ನಿಯಮದಲ್ಲಿ: ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲು ದಾರಿ, ಅದು ಎಷ್ಟೇ ಸಣ್ಣ ಓಣಿಯಿಂದ ಬಂದರೂ.