ಅಲೆ ಸಣ್ಣದು ಅಂತ ಸಣ್ಣ ಬೋರ್ಡ್ ತಗೋಬೇಡಿ

ಶಿವಮೊಗ್ಗದಲ್ಲಿದ್ದೀರಿ, ತೂಕ ಎಪ್ಪತ್ತರ ಮೇಲೆ, ತಿಂಗಳಿಗೊಮ್ಮೆ ಸರ್ಫಿಂಗ್ ಕಲಿಯಲು, ಅಂದರೆ ಬೋರ್ಡ್ ಮೇಲೆ ನಿಂತು ಅಲೆ ಜೊತೆ ಜಾರಲು, ಮೂಲ್ಕಿ ಕಡೆ ಇಳಿಯುತ್ತೀರಿ. ಅಲ್ಲಿ ಅಲೆ ಸಣ್ಣದು, ಆರಡಿ ಶಾರ್ಟ್‌ಬೋರ್ಡ್ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ನಾನು ತೀರ್ಥಹಳ್ಳಿಯವನು. ಇದೇ ಲೆಕ್ಕ ಹಾಕಿ ಇಡೀ ಒಂದು ಸೀಸನ್ ಕಳೆದುಕೊಂಡೆ.

ತುಂಗೆಯಲ್ಲಿ ಈಜಿ ಬೆಳೆದವನಿಗೆ ನೀರಿನ ಭಯ ಇರಲಿಲ್ಲ. ಕಲಿಯುವವರಿಗೆ ಕೊಡುವ ದೊಡ್ಡ, ಮೆತ್ತನೆಯ ಬಾಡಿಗೆ ಫೋಮ್ ಬೋರ್ಡಿನಲ್ಲಿ ಮೂರನೇ ದಿನಕ್ಕೇ ಎದ್ದು ನಿಂತೆ. ಆಮೇಲೆ 2016ರಲ್ಲಿ ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ನಡೆದ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯ ವಿಡಿಯೋಗಳನ್ನು ನೋಡಿದೆ. ಸಣ್ಣ ಚೂಪು ಬೋರ್ಡಿನಲ್ಲಿ ಆ ಹುಡುಗರು ತಿರುಗುವುದನ್ನು ನೋಡಿ ನನಗೂ ಅಂಥದ್ದೇ ಬೇಕು ಅನ್ನಿಸಿತು. ಯಾರೋ ಮಾರುತ್ತಿದ್ದ ಹಳೇ ಬೋರ್ಡ್ ತಗೊಂಡೆ. 5 ಅಡಿ 10 ಇಂಚು ಉದ್ದ, ಹದಿನೆಂಟೂವರೆ ಇಂಚು ಅಗಲ, ಒಟ್ಟು ಗಾತ್ರ 26 ಲೀಟರ್. ಕಾರಿನ ಮೇಲೆ ಕಟ್ಟಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಆದ ಖುಷಿ ಇವತ್ತಿಗೂ ನೆನಪಿದೆ.

ನೀರಿಗಿಳಿದು ಮಲಗಿದೆ. ಬೋರ್ಡ್ ಪೂರ್ತಿ ಮುಳುಗಿತು, ಗಲ್ಲದವರೆಗೆ ನೀರು ಬಂತು. ಭುಜ ಸೋಲುವ ತನಕ ಕೈ ಬೀಸಿದರೂ ತೆವಳಿದ ಹಾಗೆ. ಹಿಂದಿನಿಂದ ಅಲೆ ಬರುತ್ತದೆ, ಕಾಲು ಎತ್ತುತ್ತದೆ, ಹೊಟ್ಟೆ ಎತ್ತುತ್ತದೆ, ಹಾಗೇ ಕೆಳಗಿಂದ ಜಾರಿ ದಡಕ್ಕೆ ಹೋಗಿಬಿಡುತ್ತದೆ. ನಾನು ಅಲ್ಲೇ. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ ಎಂಟಡಿ ಫೋಮ್ ಮೇಲೆ ಅದೇ ಅಲೆ ಹಿಡಿದು ಮರಳು ಮುಟ್ಟುವವರೆಗೆ ಹೋಗುತ್ತಿದ್ದಳು. ನನ್ನ ತೋಳಿನ ಶಕ್ತಿಯೇ ಕಮ್ಮಿ ಅಂದುಕೊಂಡೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಮನೆಯಲ್ಲಿ ದಿನಾ ದಂಡ ಹೊಡೆದೆ. ಏನೂ ಬದಲಾಗಲಿಲ್ಲ.

ತಪ್ಪು ತೋಳಿನದಲ್ಲ, ಆ 26 ಲೀಟರಿನದು. ಬೋರ್ಡ್ ಪೂರ್ತಿ ಮುಳುಗಿದರೂ ಲೀಟರಿಗೆ ಹೆಚ್ಚುಕಮ್ಮಿ ಒಂದು ಕಿಲೋ ಮಾತ್ರ ಹೊರುತ್ತದೆ. ಬೋರ್ಡಿನದೇ ತೂಕ ಎರಡು ಮೂರು ಕಿಲೋ ಕಳೆಯಿರಿ. ನಾನು 74 ಕಿಲೋ. ಉಳಿದ ಭಾರಕ್ಕೆ ನನ್ನ ಮೈಯೇ ನೀರಲ್ಲಿ ಮುಳುಗಬೇಕು. ಮುಳುಗಿದ ಮೈ ನೀರು ಸೀಳಿಕೊಂಡು ಹೋಗಬೇಕಾದರೆ ವೇಗ ಎಲ್ಲಿಂದ ಬರಬೇಕು? ದೊಡ್ಡ ಅಲೆಯಾದರೆ ಅದರ ಕಡಿದಾದ ಇಳಿಜಾರೇ ನಿಮ್ಮನ್ನು ಕೆಳಗೆ ದೂಡುತ್ತದೆ. ಎರಡಡಿ ಅಲೆಗೆ ಆ ಇಳಿಜಾರೂ ಇಲ್ಲ, ಆ ಬಲವೂ ಇಲ್ಲ. ಅಲೆ ಕೊಡದಿದ್ದನ್ನು ಬೋರ್ಡೇ ಕೊಡಬೇಕು.

ಇನ್ನೊಂದು, ಬೋರ್ಡಿನ ಬಾಗು. ಅದಕ್ಕೆ ರಾಕರ್ ಅನ್ನುತ್ತಾರೆ. ನನ್ನದರ ಮೂತಿ ಮೇಲಕ್ಕೆ ಚೆನ್ನಾಗಿ ಬಾಗಿತ್ತು. ಅದು ಕಡಿದಾದ ಅಲೆಗೆ ಬೇಕು, ಇಲ್ಲಿ ನೀರನ್ನು ಮುಂದೆ ತಳ್ಳುತ್ತಾ ಬ್ರೇಕಿನಂತೆ ಹಿಡಿಯುತ್ತದೆ. ಚಿಕ್ಕವರಿದ್ದಾಗ ಅಡಿಕೆ ಹಾಳೆ ಮೇಲೆ ಕೂತು ಎಳೆಸಿಕೊಂಡಿದ್ದೀರಲ್ವಾ? ಅಗಲ, ಚಪ್ಪಟೆ ಹಾಳೆ ಸಲೀಸಾಗಿ ಜಾರುತ್ತಿತ್ತು. ಒಣಗಿ ಸುರುಟಿದ್ದು ಕಚ್ಚಿಕೊಂಡು ನಿಲ್ಲುತ್ತಿತ್ತು.

ಬಾಲ ಮೀನಿನ ಹಾಗೆ ಸೀಳಿರುವ ಫಿಶ್ ಬೋರ್ಡ್ ಕೂಡ ಗಿಡ್ಡ ಅಲ್ವಾ, ಅದು ಸಣ್ಣ ಅಲೆಗೇ ಅಲ್ವಾ ಅಂತ ಯಾರಾದರೂ ಹೇಳಬಹುದು. ಹೌದು, ಆದರೆ ಅದು ಅಗಲ, ದಪ್ಪ, ಚಪ್ಪಟೆ. ಎದ್ದು ನಿಂತು ತಿರುಗಲು ಬಂದವರಿಗೆ ಚಂದ. ನಿಮಗೆ ಈಗಲೇ ಬೇಡ.

ನಿಮಗೆ ಬೇಕಾಗಿರುವುದು ಎಂಟಡಿಯ ಫೋಮ್ ಬೋರ್ಡ್. ಅಗಲ 22 ಇಂಚಿಗೆ ಕಮ್ಮಿ ಇರಬಾರದು, 70–80 ಲೀಟರ್ ಇರಲಿ. ನನ್ನ ಕೇಳಿದರೆ ಈ ವರ್ಷ ಕೊಳ್ಳಲೇಬೇಡಿ. ತಿಂಗಳಿಗೊಮ್ಮೆ ಇಳಿಯುವ ಘಟ್ಟದ ಮೇಲಿನವರಿಗೆ ಬಾಡಿಗೆ ಬೋರ್ಡೇ ಸರಿ. ಮಳೆಗಾಲದಲ್ಲಿ ಸಮುದ್ರ ಕೆರಳಿರುತ್ತದೆ, ಕಲಿಯುವವರು ಇಳಿಯುವ ಹಾಗಿಲ್ಲ. ಅಷ್ಟೂ ತಿಂಗಳು ಸ್ವಂತ ಬೋರ್ಡ್ ಅಟ್ಟದ ಮೇಲೆ ಸುಮ್ನೆ ಬಿದ್ದಿರುತ್ತದೆ. ಮತ್ತೆ, ಎರಡಡಿ ಅಲೆ ಒಡೆಯುವ ಕಡೆ ನೀರು ತೊಡೆಮಟ್ಟ ಇದ್ದರೆ ಹೆಚ್ಚು. ಬೀಳುವಾಗ ತಲೆ ಮುಂದೆ ಮಾಡಿ ಹಾರಬೇಡಿ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಮಾರ್ಚಿನಲ್ಲಿ ಆ ಶಾರ್ಟ್‌ಬೋರ್ಡನ್ನು ಮನೆಯಲ್ಲೇ ಬಿಟ್ಟು ಹೋದೆ. ಸಸಿಹಿತ್ಲುವಿನಲ್ಲಿ, ಶಾಂಭವಿ ನಂದಿನಿ ಸೇರಿ ಸಮುದ್ರಕ್ಕೆ ಬೀಳುವಲ್ಲಿಂದ ಸ್ವಲ್ಪ ದೂರ, ಬಾಡಿಗೆಯ ಎಂಟಡಿ ಬೋರ್ಡಿನ ಮೇಲೆ ಮಲಗಿದೆ. ಎದೆ ನೀರಿನಿಂದ ಮೇಲಿತ್ತು. ನಾಲ್ಕು ಸಲ ಕೈ ಬೀಸಿದೆ ಅಷ್ಟೇ, ಮೊಣಕಾಲೆತ್ತರದ ಅಲೆ ಹಿಂದಿನಿಂದ ಬಂದು ನನ್ನನ್ನೂ ಎತ್ತಿಕೊಂಡು ಹೊರಟಿತು.