ಮನುಷ್ಯನ ಜೀರ್ಣಾಂಗ ವ್ಯವಸ್ಥೆಯ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಅಚ್ಚರಿಯ ಸಂಗತಿ ಯಾವುದು?

ಕರುಳಿನ ಉದ್ದ, ಜಠರದ ಆಮ್ಲ ಇವೆಲ್ಲ ಶಾಲೆಯಲ್ಲೇ ಓದಿರುತ್ತೀರಿ. ನನ್ನನ್ನು ಕೇಳಿದರೆ ಕರುಳಿನ ನೀರಿನ ಲೆಕ್ಕ ಅವಕ್ಕಿಂತ ಸೋಜಿಗದ್ದು.

ಕುಡಿದದ್ದು, ಊಟದಲ್ಲಿದ್ದದ್ದು ಸೇರಿ ದಿನಕ್ಕೆ ನಮ್ಮೊಳಗೆ ಹೋಗುವ ನೀರು ಸುಮಾರು 2 ಲೀಟರ್. ಆದರೆ ಕರುಳು ನಿಭಾಯಿಸುವುದು 8ರಿಂದ 9 ಲೀಟರ್! ಮಿಕ್ಕಿದ್ದೆಲ್ಲ ದೇಹವೇ ಸುರಿಸುವುದು: ಜೊಲ್ಲು ಒಂದೂವರೆ ಲೀಟರಿನಷ್ಟು, ಜಠರರಸ ಎರಡು, ಮೇದೋಜೀರಕ ಗ್ರಂಥಿಯದು ಒಂದೂವರೆ, ಪಿತ್ತರಸ ಅರ್ಧ, ಸಣ್ಣ ಕರುಳಿನ ಗೋಡೆಯಿಂದ ಇನ್ನೊಂದು. ಇದರಲ್ಲಿ ಮಲದೊಂದಿಗೆ ಹೊರಹೋಗುವುದು ಬರೀ 100–200 ಮಿಲಿ. ಏಳು ಲೀಟರಿನಷ್ಟನ್ನು ಸಣ್ಣ ಕರುಳು ವಾಪಸ್ ಹೀರಿಕೊಳ್ಳುತ್ತದೆ, ಉಳಿದದ್ದು ದೊಡ್ಡ ಕರುಳಿನ ಪಾಲು. ಅಲ್ಲಿ ಮಲ ಹೆಚ್ಚು ಹೊತ್ತು ನಿಂತರೆ ಕರುಳು ಅದರ ನೀರನ್ನು ಇನ್ನಷ್ಟು ಹೀರಿ ಮಲ ಗಟ್ಟಿಯಾಗುತ್ತದೆ.

ಹಾಗಾಗಿ ಭೇದಿಯಲ್ಲಿ ಹೋಗುತ್ತಿರುವುದು ತಿಂದದ್ದಷ್ಟೇ ಅಲ್ಲ, ರಕ್ತದಿಂದ ಬಂದ ನೀರು ಮತ್ತು ಉಪ್ಪು. ಕಾಲರಾದಲ್ಲಂತೂ ಉಪವಾಸ ಮಲಗಿದರೂ ಅದು ನಿಲ್ಲುವುದಿಲ್ಲ.

ನಿಜವಾದ ಅಚ್ಚರಿ ಇರುವುದು ಹೀರುವ ರೀತಿಯಲ್ಲಿ. ನೀರನ್ನು ನೇರವಾಗಿ ಎಳೆಯುವ ಪಂಪು ಕರುಳಿನಲ್ಲಿ ಇಲ್ಲ. ಸೋಡಿಯಂ ಒಳಗೆ ಹೋದರೆ ನೀರು ಅದರ ಬೆನ್ನು ಹಿಡಿದು ಹೋಗುತ್ತದೆ. ಸಣ್ಣ ಕರುಳಿನ ಜೀವಕೋಶಗಳಲ್ಲಿ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್ ಇದೆ. ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ಒಳಗೆ ಬಿಡುತ್ತದೆ. ಕಾಲರಾದ ವಿಷ ನೀರು ಹೊರಚೆಲ್ಲುವ ದಾರಿಯನ್ನು ತೆರೆದಿಡುತ್ತದೆ, ಆದರೆ ಈ ಬಾಗಿಲನ್ನು ಮುಟ್ಟುವುದಿಲ್ಲ. ಬರೀ ಉಪ್ಪುನೀರು ಸೋತಲ್ಲಿ ಉಪ್ಪು, ಸಕ್ಕರೆ ಎರಡೂ ಇರುವ ನೀರು ಗೆಲ್ಲುವುದು ಇದರಿಂದಲೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಕುಡಿಸಿದರು. ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ 4ಕ್ಕಿಂತ ಕೆಳಗಿಳಿಯಿತು.

ಇಂಥ ಉಪ್ಪು-ಸಕ್ಕರೆ ನೀರೇ ಓಆರ್‌ಎಸ್. ಈಗಿನ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಗ್ರಾಂ. ಎಡವಟ್ಟಾಗುವುದು ಕಲಸುವಾಗ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗುತ್ತದೆ, ಮಗುವಿಗೆ ಅಪಾಯ. 200 ಮಿಲಿಯ ಪೊಟ್ಟಣಗಳೂ ಸಿಗುತ್ತವೆ, ಆದ್ದರಿಂದ ಮೇಲೆ ಬರೆದಿರುವ ಅಳತೆ ಓದಿ. ಇಡೀ ಪೊಟ್ಟಣ ಒಂದೇ ಸಲಕ್ಕೆ ಕಲಸಿ, 24 ಗಂಟೆ ಕಳೆದರೆ ಚೆಲ್ಲಿ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆತಟ್ಟಿದ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ರುಚಿಗೆಂದು ಸಕ್ಕರೆ ಏರಿಸಬೇಡಿ. ಹೆಚ್ಚಾದ ಸಕ್ಕರೆ ರಕ್ತದ ನೀರನ್ನೇ ಕರುಳಿಗೆ ಎಳೆದು ಭೇದಿ ಜಾಸ್ತಿ ಮಾಡುತ್ತದೆ. ಕೋಲಾ, ಪ್ಯಾಕೆಟ್ ಜ್ಯೂಸ್ ಬೇಡ ಅನ್ನುವುದೂ ಅದಕ್ಕೇ. ಉಪ್ಪು ಹಾಕಿದ ಅಕ್ಕಿಗಂಜಿ ಮಾತ್ರ ಒಳ್ಳೆಯ ಆಯ್ಕೆ: ಪಿಷ್ಟ ನಿಧಾನಕ್ಕೆ ಒಡೆದು ಗ್ಲೂಕೋಸ್ ಕೊಡುತ್ತದೆ, ಒಮ್ಮೆಲೇ ನೀರೆಳೆಯುವುದಿಲ್ಲ. ನಮ್ಮ ಅಜ್ಜಿಯಂದಿರಿಗೆ ಎಸ್‌ಜಿಎಲ್‌ಟಿ1 ಗೊತ್ತಿರಲಿಲ್ಲ, ಗಂಜಿ ಗೊತ್ತಿತ್ತು.

ಪ್ರತಿ ಸಲ ಭೇದಿಯಾದ ನಂತರ ಎರಡು ವರ್ಷದೊಳಗಿನ ಮಗುವಿಗೆ 50–100 ಮಿಲಿ ಓಆರ್‌ಎಸ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100–200 ಮಿಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕೊಡಿ. ಎದೆಹಾಲು ನಿಲ್ಲಿಸಬಾರದು. ‘ಕುಡಿಸಿದರೂ ಭೇದಿ ನಿಲ್ಲಲಿಲ್ಲ’ ಎಂದು ಅರ್ಧಕ್ಕೆ ಬಿಡುವವರೇ ಹೆಚ್ಚು. ಓಆರ್‌ಎಸ್ ಇರುವುದು ಭೇದಿ ನಿಲ್ಲಿಸಲಿಕ್ಕಲ್ಲ, ಹೋದ ನೀರನ್ನು ತುಂಬಲಿಕ್ಕೆ. ಸಕ್ಕರೆ ಕಾಯಿಲೆಯವರೂ ಕುಡಿಯಬಹುದು, ಶುಗರ್ ಆಗಾಗ ನೋಡಿಕೊಳ್ಳಬೇಕು ಅಷ್ಟೆ. ಮೂತ್ರ ನಿಂತರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಕುಡಿಯಲಾಗದಷ್ಟು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿಯಲ್ಲೂ ಸಾಧ್ಯವಾದಷ್ಟು ಕುಡಿಸುತ್ತಿರಿ.